ರಶೀದಾಬೇಗಂ ಮನೆಯ ಜಂಕ್ಷನ್

ಬೆಳಗಿನ ಐದೂವರೆ. ವಾಡಿ ಸ್ಟೇಷನ್ನಿನ ಹಿಂದಿನ ಓಣಿಯ ಮನೆಯೊಂದರ ಒಳಕೋಣೆಯಲ್ಲಿ ರಶೀದಾಬೇಗಂ ಹಳಿ ಒರೆಸುತ್ತಿದ್ದಾರೆ. ಕೈಯಲ್ಲಿ ಸ್ಪಿರಿಟ್ಟಿನಲ್ಲಿ ಅದ್ದಿದ ಹಳೆ ಬನಿಯನ್ನಿನ ತುಂಡು. ಹಳಿಯ ಅಗಲ ಹೆಬ್ಬೆರಳಿನಷ್ಟು. ಉದ್ದ, ಎಲ್ಲ ಸುತ್ತುಗಳನ್ನೂ ಸೇರಿಸಿದರೆ, ಎಪ್ಪತ್ತೆಂಟು ಅಡಿ. ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯವರೆಗೆ ಒರೆಸಿ ಮುಗಿಯುವಷ್ಟರಲ್ಲಿ ಬಟ್ಟೆ ಬೂದುಬಣ್ಣಕ್ಕೆ ತಿರುಗಿರುತ್ತದೆ.

"ಈ ಊರಾಗ ಧೂಳ ಭಾಳರಿ. ಫರಸಿ ಕಲ್ಲಿಂದು, ಸಿಮೆಂಟಿಂದು, ಎಲ್ಲಾ ಕೂಡಿ ಬಂದು ಕುಂದರ್ತದ. ನಮ್ಮ ಕಣ್ಣಿಗಿ ಕಾಣಂಗಿಲ್ಲ. ಇಂಜಿನ್ನಿಗಿ ಗೊತ್ತಾಗ್ತದ," ಎನ್ನುತ್ತಾರೆ ಅವರು. ಆಮೇಲೆ ಮೇಜಿನ ಅಂಚಿನ ಒಂದು ಸ್ವಿಚ್ ಒತ್ತಿ, ಬೆಕಲೈಟ್ ಗುಂಡಿಯನ್ನು ಮೆಲ್ಲಗೆ ತಿರುಗಿಸುತ್ತಾರೆ. ಅಂಗೈ ಉದ್ದದ ಇಂಜಿನ್ನು ಒಂದು ಸಲ ನಡುಗಿ, ಹಿಂದೆ ಐದು ಡಬ್ಬಿಗಳನ್ನು ಎಳೆದುಕೊಂಡು ಹೊರಡುತ್ತದೆ. ಕಿಟಕಿಯ ಆಚೆ ಅದೇ ಹೊತ್ತಿಗೆ ದೊಡ್ಡ ಗೂಡ್ಸ್ ಗಾಡಿಯೊಂದು ಹಾಯುತ್ತಿದೆ. ಮೇಜಿನ ಮೇಲಿನ ಸಣ್ಣ ಸಿಗ್ನಲ್ ಕಂಬಗಳು ಅದರ ಸದ್ದಿಗೆ ಅಲುಗುತ್ತವೆ. ರಶೀದಾಬೇಗಂ ಕಿಟಕಿಯತ್ತ ತಿರುಗಿಯೂ ನೋಡುವುದಿಲ್ಲ. ಅವರ ಕಣ್ಣು ಇರುವುದು ತಮ್ಮ ಗಾಡಿಯ ಮೇಲೆ.

ಐವತ್ತಮೂರು ವರ್ಷದ ಈ ಹೆಣ್ಣುಮಗಳ ಕಸುಬು ಮೋಟಾರ್ ವೈಂಡಿಂಗ್. ಸುಟ್ಟುಹೋದ ಫ್ಯಾನು, ಮಿಕ್ಸರ್, ನೀರಿನ ಪಂಪುಗಳ ಹಳೆ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವ ಕೆಲಸ. ಮನೆಯ ಮುಂದಿನ ಹತ್ತಡಿ ಅಗಲದ ಕೋಣೆಯೇ ಅಂಗಡಿ. ಬೇಸಿಗೆಯಲ್ಲಿ ದಿನಕ್ಕೆ ಎಂಟೊಂಬತ್ತು ಫ್ಯಾನು, ಎರಡು ಮಿಕ್ಸರ್, ವಾರಕ್ಕೆ ಮೂರಾದರೂ ಪಂಪು. ಚಿತ್ತಾಪುರದಿಂದ, ಶಹಾಬಾದಿನಿಂದ, ಆ ಕಡೆ ಸುಲೇಪೇಟದಿಂದಲೂ ಬಸ್ಸಿನ ಟಪ್ಪಿನ ಮೇಲೆ ಮೋಟಾರು ಹಾಕಿ ಕಳಿಸುವವರಿದ್ದಾರೆ. ಫ್ಯಾನಿನ ಒಂದೊಂದು ಸುರುಳಿಗೂ ಮುನ್ನೂರರ ಹತ್ತಿರ ಸುತ್ತು. ಎಣಿಕೆಯ ಯಂತ್ರ ಅಂಗಡಿಯಲ್ಲಿದೆ. ಆದರೆ ಅವರು ಅದನ್ನು ನೋಡಿದ್ದನ್ನು ನಾನು ಕಾಣಲಿಲ್ಲ.

ಎಣಿಕೆ ಕಲಿಸಿದವರು ತಂದೆ ಗುಲಾಮ ದಸ್ತಗೀರ. ಈ ಅಂಗಡಿ ಹಾಕಿದವರೂ ಅವರೇ. ಮಗಳಿಗೆ ಹದಿನಾಲ್ಕಾದಾಗ ಅವರ ದೃಷ್ಟಿ ಮಂಜಾಗತೊಡಗಿತು. ಕೂದಲೆಳೆಯಂಥ ತಂತಿ ಕಾಣದಾಯಿತು. ಮಗಳು ಪಕ್ಕದಲ್ಲಿ ಕೂತು ಎಣಿಸಿ ಹೇಳುವುದು, ತಂದೆ ಸುತ್ತುವುದು. ಒಂದು ವರ್ಷದಲ್ಲಿ ಅದು ಅದಲುಬದಲಾಯಿತು: ಮಗಳು ಸುತ್ತಿದಳು, ತಂದೆ ಕಿವಿಗೊಟ್ಟು ಎಣಿಸಿದರು. "ಹೆಣ್ಣುಡುಗಿ ಕಟ್ಟಿದ ಪಂಪ್ ನಡೀತದೇನು ಅಂತ ಗಿರಾಕಿ ಕೇಳ್ತಿದ್ರು. ನಮ್ಮ ಅಬ್ಬಾ ಏನೂ ಅಂತಿರ್ಲಿಲ್ಲ. ಚಾಲೂ ಮಾಡಿ ತೋರಸ್ತಿದ್ರು, ಅಷ್ಟೇ." ತಂದೆ ತೀರಿಕೊಂಡು ಹತ್ತೊಂಬತ್ತು ವರ್ಷ. ಅಂಗಡಿಯ ಹಲಗೆಯ ಮೇಲೆ ಇಂದಿಗೂ ಅವರದೇ ಹೆಸರು.

ಆಟಿಕೆ ರೈಲು ಈ ಮನೆಗೆ ಬಂದದ್ದು ಕೆಟ್ಟ ಮೋಟಾರಿನ ರೂಪದಲ್ಲೇ. ಹನ್ನೊಂದು ವರ್ಷದ ಹಿಂದೆ ಶುಭಾ ಎಂಬ ಹೆಣ್ಣುಮಗಳು, ಗಂಡ ರೈಲ್ವೆಯಲ್ಲಿ ಅಧಿಕಾರಿ, ಒಂದು ರಟ್ಟಿನ ಪೆಟ್ಟಿಗೆ ತಂದಿಟ್ಟರು. ಒಳಗೆ ಒಂದು ಇಂಜಿನ್ನು, ನಾಲ್ಕು ಡಬ್ಬಿ, ಒಂದು ಸುತ್ತು ಹಳಿ. ಇಂಜಿನ್ನಿನ ಹೊಟ್ಟೆಯಲ್ಲಿ ಕಡಲೆಕಾಯಿ ಗಾತ್ರದ ಮೋಟಾರು, ಸುಟ್ಟು ಕರಕಲಾಗಿತ್ತು. ರಶೀದಾಬೇಗಂ ಅಷ್ಟು ಸಣ್ಣದನ್ನು ಹಿಂದೆಂದೂ ಕಟ್ಟಿರಲಿಲ್ಲ. ಬೇಕಾದ ತಂತಿ ಸಿಕ್ಕದ್ದು ಒಂದು ಹಳೆಯ ಗಡಿಯಾರದ ಸುರುಳಿಯಲ್ಲಿ. ಸುತ್ತುವಾಗ ಅದು ಮೂರು ಸಲ ಹರಿಯಿತು, ನಾಲ್ಕನೇ ಸಲ ಹರಿಯದೆ ನಿಂತಿತು. ಅಷ್ಟರೊಳಗೆ ಶುಭಾ ಅವರ ಯಜಮಾನರಿಗೆ ವರ್ಗವಾಗಿತ್ತು. ಸಾಮಾನು ಲಾರಿಗೆ ಏರಿಸುವ ಗಡಿಬಿಡಿಯಲ್ಲಿ ಆಕೆ ಅಂಗಡಿಗೆ ಬಂದು, ಫರಸಿ ಹಾಸಿದ ನೆಲದ ಮೇಲೆ ಸುತ್ತು ಹೊಡೆಯುತ್ತಿದ್ದ ಇಂಜಿನ್ನನ್ನೂ ಅದನ್ನು ನೋಡುತ್ತಿದ್ದ ರಶೀದಾಬೇಗಮರ ಮುಖವನ್ನೂ ಕಂಡರು. "ಇದು ನಿಮ್ಮ ಹತ್ರನೇ ಇರಲಿ," ಎಂದು ಹೇಳಿ ಹೋದರು.

ಆ ಒಂದು ಸುತ್ತು ಈಗ ಹನ್ನೆರಡಡಿ ಉದ್ದ, ಒಂಬತ್ತಡಿ ಅಗಲದ ಕೋಣೆ ತುಂಬ ಬೆಳೆದಿದೆ. ಇಂಜಿನ್ನುಗಳು ಹೈದರಾಬಾದಿನ ಹಳೆ ಸಾಮಾನಿನ ಪೇಟೆಯವು, ಒಂದೂ ಬರುವಾಗ ಓಡುತ್ತಿರಲಿಲ್ಲ. ಡಬ್ಬಿಗಳು ವಾರ್ನಿಷ್ ಡಬ್ಬದ ತಗಡು ಕತ್ತರಿಸಿ ಮಾಡಿದವು. ಪತಿ ನಬೀಸಾಬ್ ಶಹಾಬಾದಿನಲ್ಲಿ ಫರಸಿ ಪಾಲಿಷ್ ಮಾಡುವ ಯಂತ್ರ ನಡೆಸುತ್ತಾರೆ. ಮೇಜಿನ ಕೆಳಗೆ ಅಲುಗಾಡದ ಹಾಗೆ ಕಲ್ಲಿನ ಕಾಲು ನಿಲ್ಲಿಸಿಕೊಟ್ಟವರು ಅವರು. "ಮದಲ ಇಲ್ಲಿ ನನ್ನ ಮಂಚ ಇತ್ತು. ಈಗ ಮಂಚ ಪಡಸಾಲ್ಯಾಗ ಅದ. ಗಾಳಿ ಚಲೋ ಬರ್ತದ," ಎಂದು ಅವರು ನಗುತ್ತಾರೆ.

ಮೇಜಿನ ಒಂದು ಬದಿಗೆ ವಾಡಿ, ಎದುರು ಬದಿಗೆ ಚಿತ್ತಾಪುರ, ಮೂಲೆಯಲ್ಲಿ ಸೇಡಂ. ಒಂದೇ ಮೇಜಿನ ಮೇಲೆ ಎರಡು ಮೂರು ಗಾಡಿಗಳನ್ನು ಒಟ್ಟಿಗೆ ಓಡಿಸುವಾಗ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ, ಅವುಗಳನ್ನು ಅಂಕೆಯಲ್ಲಿಡುವುದು ಹೇಗೆ ಎಂಬುದು. ರಶೀದಾಬೇಗಂ ಮೊದಲು ಹಿಡಿದದ್ದು ಹಳೆಯ ದಾರಿ. ಹಳಿಯನ್ನು ಹದಿನಾಲ್ಕು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ತಂತಿ, ಬೇರೆ ಸ್ವಿಚ್. ಸ್ವಿಚ್ ಒತ್ತಿದ ತುಂಡಿಗೆ ಮಾತ್ರ ಕರೆಂಟ್. ಉಳಿದದ್ದು ಸತ್ತ ಹಳಿ. ಗಾಡಿ ಸತ್ತ ಹಳಿಗೆ ಬಂತೆಂದರೆ ತಾನಾಗಿಯೇ ನಿಲ್ಲುತ್ತದೆ. ಒಂದೇ ಕಿರಿಕಿರಿ ಎಂದರೆ ಓಡಿಸುವವರ ಕೈ ಸದಾ ಸ್ವಿಚ್ಚುಗಳ ಮೇಲೆ ಓಡುತ್ತಲೇ ಇರಬೇಕು.

ಇದನ್ನು ಬದಲಾಯಿಸಿದರೆ ಹೇಗೆ ಎಂಬ ಯೋಚನೆ ತಂದವರು ಸೇಡಂನ ವೆಂಕಟೇಶ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಮನೆಯ ಮಿಕ್ಸರ್ ರಿಪೇರಿಗೆ ಕೊಡಲು ಬಂದವರು ಒಳಗಿನಿಂದ ಬಂದ ಚಕ್ರದ ಸದ್ದು ಕೇಳಿ ಕುತ್ತಿಗೆ ಚಾಚಿದರು. ಅಂದಿನಿಂದ ವಾರಕ್ಕೊಮ್ಮೆ ಹಾಜರು. ಹೋದ ವರ್ಷ ಯುಗಾದಿ ಮುಗಿದ ಮೇಲೆ ಅವರೊಂದು ಡಿಜಿಟಲ್ ಸೆಟ್ ತಂದರು. ಇದರಲ್ಲಿ ಇಡೀ ಹಳಿಗೆ ಸದಾ ಕರೆಂಟ್ ಇರುತ್ತದೆ. ಪ್ರತಿ ಇಂಜಿನ್ನಿನೊಳಗೆ ಉಗುರಿನಷ್ಟು ಎಲೆಕ್ಟ್ರಾನಿಕ್ ಚಿಪ್, ಒಂದೊಂದಕ್ಕೂ ಒಂದು ನಂಬರು. ಕೈಯಲ್ಲಿನ ರಿಮೋಟಿನಲ್ಲಿ ನಂಬರ್ ಒತ್ತಿದರೆ ಆ ಇಂಜಿನ್ನು ಮಾತ್ರ ಮಾತು ಕೇಳುತ್ತದೆ. ಒಂದೇ ಹಳಿಯ ಮೇಲೆ ಒಂದು ಗಾಡಿ ಜೋರು, ಇನ್ನೊಂದು ನಿಧಾನ. ದೀಪ, ಸೀಟಿ ಎಲ್ಲ ಉಂಟು.

"ಎರಡು ದಪ್ಪ ವೈರ್ ಸಾಕು, ಉಳಿದದ್ದೆಲ್ಲಾ ಕಿತ್ತಿ ಒಗೀರಿ ಅಂದೆ," ಎಂದು ವೆಂಕಟೇಶ ನೆನೆಯುತ್ತಾರೆ. ರಶೀದಾಬೇಗಂ ಕಿತ್ತರು. ಹತ್ತು ವರ್ಷ ಎಳೆದ ತಂತಿ ಎರಡು ದಿನದಲ್ಲಿ ಗೋಣಿಚೀಲ ಸೇರಿತು. ಒಂದು ವಾರ ಮನೆಯಲ್ಲಿ ಹಬ್ಬದ ಹಾಗಿತ್ತು. ಯಾರ್ಡಿನಲ್ಲಿ ಶಂಟಿಂಗ್ ಇಂಜಿನ್ನು ಇಂಚು ಇಂಚಾಗಿ ಸರಿದು ಡಬ್ಬಿಗೆ ಮುತ್ತಿಟ್ಟಂತೆ ಜೋಡಿಯಾಗುವುದನ್ನು ಅವರು ಎಷ್ಟು ಸಲ ನೋಡಿದರೋ.

ಆದರೆ ಆ ಮೇಜು ಅಷ್ಟರಲ್ಲಾಗಲೇ ಅವರೊಬ್ಬರದಾಗಿ ಉಳಿದಿರಲಿಲ್ಲ. ಭಂಕೂರಿನ ಖಂಡಪ್ಪ ಎಂಬ, ಗಾಡಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್ ಮೂರು ತಿಂಗಳಿಂದ ತನ್ನ ರಜೆಯ ದಿನ ಇಲ್ಲಿಗೆ ಬರುತ್ತಿದ್ದರು. ಕಲ್ಲು ಒಡೆಯುವವರ ಮನೆಯ ಮಗ, ಮೂವತ್ತೆಂಟು ವಯಸ್ಸು. ಸ್ಟೇಷನ್ ಮಾಸ್ತರ್ ಹುದ್ದೆಗೆ ಬಡ್ತಿ ಪಡೆಯುವ ಇಲಾಖಾ ಪರೀಕ್ಷೆಯಲ್ಲಿ ಎರಡು ಸಲ ಬಿದ್ದಿದ್ದರು. ಬರೆಯುವುದರಲ್ಲಿ ಪಾಸು, ಮೌಖಿಕದಲ್ಲಿ ನಾಪಾಸು. ಇನ್ನುಳಿದದ್ದು ಒಂದೇ ಅವಕಾಶ.

"ಪುಸ್ತಕ ಪೂರಾ ಬಾಯಿಪಾಠ ಬರ್ತಿತ್ರಿ," ಎಂದು ಖಂಡಪ್ಪ ನನಗೆ ಫೋನಿನಲ್ಲಿ ಹೇಳಿದರು. "ಒಂದು ಸ್ಟೇಷನ್ನಿಂದ ಗಾಡಿ ಬಿಡಬೇಕಂದ್ರ ಮುಂದಿನ ಸ್ಟೇಷನ್ನಿನವ್ರ ಒಪ್ಪಿಗಿ ಬೇಕು. ಅದು ಗೊತ್ತದ. ಆದ್ರ ಸಾಹೇಬ್ರು ತಿರುವಿ ಕೇಳಿದ್ರ, ಹಿಂಗಾದ್ರ ಏನ್ ಮಾಡ್ತಿ, ಹಂಗಾದ್ರ ಏನ್ ಮಾಡ್ತಿ ಅಂದ್ರ, ಕಣ್ಮುಂದ ಏನೂ ಬರ್ತಿರ್ಲಿಲ್ಲ."

ಆ ಸ್ವಿಚ್ಚಿನ ಮೇಜಿನ ಮುಂದೆ ಖಂಡಪ್ಪ ನಿಧಾನವಾಗಿ ಕಲಿಯುತ್ತಿದ್ದರು. ಡಿಜಿಟಲ್ ಬಂದ ಮೇಲಿನ ಮೊದಲ ರಜೆಯ ದಿನ ಅವರ ಕೈಗೆ ರಿಮೋಟ್ ಬಂತು. ವಾಡಿಯಿಂದ ಒಂದು ಪ್ಯಾಸೆಂಜರ್ ಬಿಟ್ಟರು. ಅದು ಇನ್ನೂ ಚಿತ್ತಾಪುರ ಮುಟ್ಟಿರಲಿಲ್ಲ, ಆ ಕಡೆಯಿಂದ ಗೂಡ್ಸನ್ನೂ ಬಿಟ್ಟರು. ಒಂದೇ ಹಳಿ. ತಡೆಯುವ ಸತ್ತ ತುಂಡು ಈಗ ಎಲ್ಲೂ ಇರಲಿಲ್ಲ. ತಿರುವಿನಲ್ಲಿ ಎರಡೂ ಮುಖಾಮುಖಿ ಗುದ್ದಿದವು. ಶುಭಾ ಕೊಟ್ಟ ಆ ಮೊದಲ ಇಂಜಿನ್ನು ಮೇಜಿನಿಂದ ಫರಸಿಯ ಮೇಲೆ ಬಿದ್ದು ಮೂತಿ ಒಡೆಯಿತು. ಇನ್ನೊಂದರ ಚಿಪ್ ಸುಟ್ಟಿತು.

ಖಂಡಪ್ಪ ನೆಲದ ಮೇಲೆ ಕೂತು ಚೂರುಗಳನ್ನು ಆರಿಸುತ್ತಿದ್ದರು. ರಶೀದಾಬೇಗಂ ಅವರನ್ನು ಎಬ್ಬಿಸಲಿಲ್ಲ, ಒಂದು ಪ್ರಶ್ನೆ ಕೇಳಿದರು. "ಗೂಡ್ಸ್ ಯಾಕ ಬಿಟ್ಟಿ?"

"ಬಿಡ್ಲಿಕ್ಕೆ ಬಂತು, ಬಿಟ್ಟೆ," ಎಂದರು ಖಂಡಪ್ಪ.

ಆ ಉತ್ತರ ರಶೀದಾಬೇಗಮರಿಗೆ ಇಂಜಿನ್ನು ಒಡೆದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. "ಖರೇ ಹೇಳಿದಾ ಅಂವಾ. ತಪ್ಪು ನಂದೇ ಇತ್ತು. ನನಗ ಚಂದ ಕಾಣ್ಲಿ ಅಂತ ವೈರ್ ಕಿತ್ತಿದ್ದೆ. ಅಂವಗ ಏನು ಬೇಕಾಗಿತ್ತು, ಅದನ್ನ ವಿಚಾರ ಮಾಡಿರ್ಲಿಲ್ಲ," ಎನ್ನುತ್ತಾರೆ. ಪರೀಕ್ಷೆಗೆ ಉಳಿದದ್ದು ಹನ್ನೊಂದು ದಿನ.

ಏಪ್ರಿಲ್ ತಿಂಗಳು, ಬಿಸಿಲು ನಲವತ್ತಮೂರು ಡಿಗ್ರಿ, ಅಂಗಡಿಯ ಬಾಗಿಲಲ್ಲಿ ಸುಟ್ಟ ಫ್ಯಾನುಗಳ ಸಾಲು. ಕೂಸು ಮಲಗಂಗಿಲ್ಲ ಎಂದು ತಾಯಂದಿರು ಬಂದು ನಿಲ್ಲುವ ಕಾಲ. ಆ ಕೆಲಸ ಬಿಡುವಂತಿರಲಿಲ್ಲ. ಹಾಗಾಗಿ ಬೆಳಗಿನ ನಮಾಜಿನಿಂದ ಅಂಗಡಿ ತೆರೆಯುವ ಒಂಬತ್ತರವರೆಗಿನ ಹೊತ್ತೇ ಮೇಜಿಗೆ ಮೀಸಲಾಯಿತು. ವೆಂಕಟೇಶ ಮೊದಲು ಒಪ್ಪಲಿಲ್ಲ. "ಮುಂದ ಬಂದೀವಿ, ಮತ್ತ ಹಿಂದಕ ಯಾಕ ಹೋಗ್ತೀರಿ? ಅಂವಗ ರಿಮೋಟ್ ಸರಿ ಹಿಡೀಲಿಕ್ಕೆ ಕಲಿಸೋಣ," ಎಂದು ವಾದಿಸಿದರು.

"ಮಾಸ್ತರಕಿ ಮಾಡೋನಿಗೆ ಗಾಡಿ ಓಡಸೋದು ಬ್ಯಾಡ್ರಿ. ಗಾಡಿ ನಿಂದ್ರಸೋದು ಬೇಕು," ಎಂದರು ರಶೀದಾಬೇಗಂ.

ವೆಂಕಟೇಶ ಎದ್ದು ಹೋದರು. ಮನಸ್ಸಿಗೆ ಹತ್ತಿತೇನೋ ಎಂದು ಇವರಿಗೆ ಅನುಮಾನ. ಮರುದಿನ ಬೆಳಗಿನ ಗಾಡಿಗೆ ಸೇಡಂನಿಂದ ಬಂದಿಳಿದವರ ಕೈಯಲ್ಲಿ ತಮ್ಮ ಹಳೆಯ ಬೆಸುಗೆ ಕಡ್ಡಿ ಇತ್ತು. "ನಾ ಮೂವತ್ತಾರು ವರ್ಷ ಮಾಡಿದ್ದು ಗಾಡಿ ನಿಂದ್ರಸೋ ಕೆಲಸನೇ. ರಿಟೈರ್ ಆದ ಮ್ಯಾಲ ಮರತಿದ್ದೆ," ಎಂದು ಅವರು ಈಗ ಹೇಳುತ್ತಾರೆ. ಆ ದಿನದಿಂದ ಒಂದು ದಿನವೂ ತಪ್ಪಿಸಲಿಲ್ಲ.

ಗೋಣಿಚೀಲದಿಂದ ತಂತಿಗಳನ್ನು ತೆಗೆದು ಬಿಡಿಸುವುದಕ್ಕೇ ಎರಡು ಮುಂಜಾನೆ ಹಿಡಿಯಿತು. ಯಾವುದು ಎಲ್ಲಿಯದೆಂದು ಗುರುತಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಅಳೆದು, ಕತ್ತರಿಸಿ, ಹದಿನಾಲ್ಕು ತುಂಡಿಗೆ ಹದಿನಾಲ್ಕು ಜೊತೆ ಎಳೆದರು. ಚಿತ್ತಾಪುರದ ಶಾಲೆಯಲ್ಲಿ ಕಲಿಸುವ ಮಗಳು ಶಗುಫ್ತಾ ಭಾನುವಾರ ಬಂದು ಪ್ರತಿ ತಂತಿಗೂ ಚೀಟಿ ಕಟ್ಟಿದಳು. ಐದನೇ ದಿನ ರಶೀದಾಬೇಗಮರ ತೋರುಬೆರಳು ಸುಟ್ಟಿತು. ಆ ದಿನ ಫ್ಯಾನಿನ ತಂತಿಯನ್ನು ಎಡಗೈಯಲ್ಲೇ ಸುತ್ತಿದರು. ನಬೀಸಾಬ್ ಮಾತ್ರ ಒಂದು ಮಾತು ಕೇಳಿದರು: "ಪರೀಕ್ಷೆ ಅಂವಂದೋ ನಿಂದೋ?" ಇವರು ಮುಂದಿನ ತಂತಿ ಎತ್ತಿಕೊಂಡರಂತೆ.

ಈ ಸಲ ಹಳೆಯದನ್ನು ಇದ್ದ ಹಾಗೆಯೇ ಕಟ್ಟಲಿಲ್ಲ. ವಾಡಿಗೂ ಚಿತ್ತಾಪುರಕ್ಕೂ ನಡುವಿನ ಒಂಟಿ ಹಳಿಗೆ ಸ್ವಿಚ್ಚಿನ ಬದಲು ಗುಜರಿಯಿಂದ ತಂದ ಎರಡು ಸ್ಕೂಟರ್ ಬೀಗಗಳನ್ನು ಕೂಡಿಸಿದರು, ಎರಡು ಬದಿಗೆ ಎರಡು. ಎರಡಕ್ಕೂ ಒಂದೇ ಕೀಲಿ ಬರುವ ಹಾಗೆ ತೇದು ಹೊಂದಿಸಿ, ಇನ್ನೊಂದು ಕೀಲಿಯನ್ನು ಬಾವಿಗೆ ಎಸೆದರು. ಕೀಲಿ ಯಾರ ಬೀಗದಲ್ಲಿದೆಯೋ ಅವರ ಗಾಡಿಗೆ ಮಾತ್ರ ದಾರಿ. ಅದು ಆ ಕಡೆ ಮುಟ್ಟಿದ ಮೇಲೆ ಕೀಲಿ ತೆಗೆದು ಎದುರಿನವರ ಕೈಗೆ ಕೊಡಬೇಕು. ಕೋಣೆಯ ನಡುವೆ, ಮೇಜಿನ ಮೇಲೇ ಹಾಯುವ ಹಾಗೆ, ಒಂದು ಚಾದರ ಇಳಿಬಿಟ್ಟರು. ಚಾದರದ ಅಡಿಯಲ್ಲಿ ಗಾಡಿ ಹೋಗುವಷ್ಟು ಸಂದು. ಈ ಕಡೆಯವರಿಗೆ ಆ ಕಡೆ ಏನಾಗುತ್ತಿದೆ ಕಾಣುವುದಿಲ್ಲ. ಮಾತಿಗೆ ಎರಡು ಹಳೆಯ ಇಂಟರ್‌ಕಾಮ್.

ಒಂಬತ್ತನೇ ದಿನ ಖಂಡಪ್ಪ ಬಂದರು. ಚಾದರದ ಆಚೆ ವೆಂಕಟೇಶ ಚಿತ್ತಾಪುರದ ಮಾಸ್ತರ್, ಈಚೆ ಖಂಡಪ್ಪ ವಾಡಿಯ ಮಾಸ್ತರ್. ಖಂಡಪ್ಪ ಗುಂಡಿ ತಿರುಗಿಸಿದರು. ಗಾಡಿ ಕದಲಲಿಲ್ಲ. ಇನ್ನಷ್ಟು ತಿರುಗಿಸಿದರು. ತಂತಿ ಕಡಿದಿದೆಯೇನೋ ಎಂದು ಬಗ್ಗಿ ನೋಡಿದರು. ರಶೀದಾಬೇಗಂ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. ಬಾಯಿಗೆ ಬಂದ ಮಾತನ್ನು ಎರಡು ಸಲ ನುಂಗಿದೆ ಎನ್ನುತ್ತಾರೆ. ಬಹಳ ಹೊತ್ತಿನ ಮೇಲೆ ಖಂಡಪ್ಪನ ಕಣ್ಣು ಕೀಲಿಯಿಲ್ಲದ ಬೀಗದ ಮೇಲೆ ಬಿತ್ತು. ಇಂಟರ್‌ಕಾಮ್ ಎತ್ತಿಕೊಂಡರು.

"ಚಿತ್ತಾಪುರ, ಕೀಲಿ ನಿಮ್ಮ ಕಡಿ ಅದ ಏನು?"

"ನನ್ನ ಕಡಿ ಅದ. ನನ್ನ ಗಾಡಿ ಲೈನ್ ಮ್ಯಾಲ ಅದ. ನಿಂದ್ರಿ," ಎಂದರು ಆಚೆಯಿಂದ ವೆಂಕಟೇಶ.

ಖಂಡಪ್ಪ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕೂತರು. ಸ್ವಲ್ಪ ಹೊತ್ತಿಗೆ ಚಾದರದ ಕೆಳಗಿನಿಂದ ಗೂಡ್ಸ್ ಗಾಡಿ ಹೊರಬಂತು. ಅದು ಯಾರ್ಡಿನ ಒಳಗೆ ಪೂರ್ತಿ ಸೇರುವ ತನಕ ಅವರು ಅದರ ಕೊನೆಯ ಡಬ್ಬಿಯನ್ನೇ ನೋಡುತ್ತಿದ್ದರು. ಆಮೇಲೆ ಕೀಲಿಗಾಗಿ ಕೈ ಚಾಚಿದರು. ಆ ದಿನ ಅವರು ನಲವತ್ತೊಂದು ಗಾಡಿ ದಾಟಿಸಿದರು. ವೆಂಕಟೇಶ ಬೇಕೆಂದೇ ಸುಳ್ಳು ಹೇಳಿದರು, ಫೋನ್ ಎತ್ತದೆ ಸತಾಯಿಸಿದರು, ಅರ್ಧ ಗಾಡಿಯನ್ನು ನಡುದಾರಿಯಲ್ಲೇ ಬಿಟ್ಟು ಪೂರ್ತಿ ಬಂತೆಂದರು. ಒಂದರಲ್ಲೂ ಗುದ್ದಾಗಲಿಲ್ಲ. "ಕಾಣಲಿಲ್ಲಂದ್ರ ಕೇಳಬೇಕು. ಕೇಳಿ ನಂಬಿಕಿ ಬರಲಿಲ್ಲಂದ್ರ ಕುಂದ್ರಬೇಕು. ಪುಸ್ತಕದಾಗ ಅದೇ ಬರ್ದಾರ. ನನಗ ಅವತ್ತು ತಿಳೀತು," ಎನ್ನುತ್ತಾರೆ ಖಂಡಪ್ಪ.

ಮೌಖಿಕ ಪರೀಕ್ಷೆ ಇಪ್ಪತ್ತು ನಿಮಿಷ ನಡೆಯಿತು. ಹೊರಗೆ ಬಂದವರೇ ಖಂಡಪ್ಪ ಅಂಗಡಿಗೆ ಫೋನ್ ಮಾಡಿದರು. ಏನೇನು ಕೇಳಿದರು, ತಾನು ಏನೇನು ಹೇಳಿದೆ ಎಂದು ಒಂದೂ ಬಿಡದೆ ಒಪ್ಪಿಸಿದರು. ಒಂದು ಪ್ರಶ್ನೆಗೆ ಮಾತ್ರ, ನನಗೆ ಗೊತ್ತಿಲ್ಲ, ಗೊತ್ತಾಗುವ ತನಕ ಗಾಡಿ ಬಿಡುವುದಿಲ್ಲ ಎಂದರಂತೆ. ಇಪ್ಪತ್ತಾರು ದಿನದ ಮೇಲೆ ಪಟ್ಟಿ ಬಂತು. ಹೆಸರು ಅದರಲ್ಲಿತ್ತು.

ಈಗ ರಶೀದಾಬೇಗಮರ ಮೇಜಿನ ಮೇಲೆ ಎರಡೂ ಬಗೆ ಇವೆ. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಹೋಗುವ ದಾರಿಗೆ ಕೀಲಿ ಮತ್ತು ಸ್ವಿಚ್. ವಾಡಿ ಯಾರ್ಡಿನ ಐದು ಸಾಲಿಗೆ ಡಿಜಿಟಲ್. ಬ್ಯಾಟರಿಯನ್ನು ಡಬ್ಬಿಯೊಳಗಿಟ್ಟು ಗಾಳಿಯಲ್ಲೇ ಅಪ್ಪಣೆ ಕೊಡುವ ಮೂರನೇ ಬಗೆಯನ್ನೂ ಮಾಡಿ ನೋಡಿದ್ದಾರೆ. ಅದಕ್ಕೆ ಹಳಿ ಒರೆಸುವ ಗೋಜಿಲ್ಲ. ಆದರೆ ಮೇ ತಿಂಗಳ ಬಿಸಿಗೆ ಬ್ಯಾಟರಿ ಉಬ್ಬಿತು, ಬಿಟ್ಟರು. ಯಾವುದು ಒಳ್ಳೆಯದು ಎಂದು ಕೇಳಿದರೆ ಅವರಿಗೆ ಸಣ್ಣಗೆ ಬೇಸರ. "ಒಬ್ಬಾಕಿನೇ ಕುಂತು ಗಾಡಿ ಕೂಡ ಮಾತಾಡ್ಬೇಕಂದ್ರ ಡಿಜಿಟಲ್ ಭಾಳ ಚಂದ. ಇಬ್ಬರು ಕಲೀಬೇಕಂದ್ರ ಕೀಲಿ ಬೇಕು. ಕುಂದ್ರೋರು ಯಾರು ಅಂತ ಮದಲ ನೋಡ್ರಿ. ಆಮ್ಯಾಲ ವೈರ್ ಎಳೀರಿ."

ಖಂಡಪ್ಪನ ಸುದ್ದಿ ಕೇಳಿ ಇನ್ನೂ ಮೂವರು ಬರುತ್ತಿದ್ದಾರೆ. ಅವರಲ್ಲಿ ನೀಲಾಬಾಯಿ ಎಂಬ ಪಾಯಿಂಟ್ಸ್‌ವುಮನ್ ಬಹಳ ಚುರುಕು ಎಂದು ರಶೀದಾಬೇಗಮರ ಹೊಗಳಿಕೆ. ಕಲಿಸುವುದಕ್ಕೆ ಏನು ತೆಗೆದುಕೊಳ್ಳುತ್ತೀರಿ ಎಂದೆ. ಬರುವಾಗ ಪ್ರತಿಯೊಬ್ಬರೂ ಒಂದು ಹಳೆ ಬನಿಯನ್ ತರಬೇಕು, ಹಳಿ ಒರೆಸಲು, ಎಂದರು.

ಖಂಡಪ್ಪ ಈಗ ಚಿತ್ತಾಪುರದ ಆಚೆಗಿನ ಒಂದು ಸಣ್ಣ ಸ್ಟೇಷನ್ನಿನಲ್ಲಿದ್ದಾರೆ. ಹೋದ ತಿಂಗಳು ಒಂದು ಶುಕ್ರವಾರ ರಶೀದಾಬೇಗಂ ಅಂಗಡಿ ಮುಚ್ಚಿ, ಸಜ್ಜಿರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಪ್ಯಾಸೆಂಜರ್ ಗಾಡಿ ಹತ್ತಿದರು. ಸ್ಟೇಷನ್ನಿನ ಒಳಗಿನ ನಿಯಂತ್ರಣ ಫಲಕವನ್ನು ಅವರು ಇವತ್ತಿನವರೆಗೆ ಕಣ್ಣಾರೆ ನೋಡಿಲ್ಲ. ಅದನ್ನು ನೋಡಬೇಕೆಂಬುದು ಅವರ ದೊಡ್ಡ ಆಸೆ. ಖಂಡಪ್ಪನಿಗೂ ಅದು ಗೊತ್ತು.

ಖಂಡಪ್ಪ ಹೊರಗೆ ಓಡಿ ಬಂದು, ಪ್ಲಾಟ್‌ಫಾರಂ ಮೇಲಿನ ಬೆಂಚು ಒರೆಸಿ ಕೂರಿಸಿದರು. ಚಹಾ ತಂದುಕೊಟ್ಟರು. ಆಮೇಲೆ ಎದುರು ನಿಂತು, "ಬಾಯಿ, ಒಳಗ ಕರೀಲಿಕ್ಕೆ ಬರಂಗಿಲ್ರಿ. ಡ್ಯೂಟಿ ಮ್ಯಾಲ ಇದ್ದೀನಿ. ಹೊರಗಿನವ್ರಿಗಿ ಪರವಾನಗಿ ಇಲ್ಲ," ಎಂದರು. ಹೇಳುವಾಗ ಅವರ ಮುಖ ಸಣ್ಣದಾಗಿತ್ತಂತೆ.

ರಶೀದಾಬೇಗಂ ಎರಡು ತಾಸು ಆ ಬೆಂಚಿನ ಮೇಲೆ ಕೂತಿದ್ದರು. ಆರು ಗಾಡಿ ಹಾದವು. ಪ್ರತಿ ಗಾಡಿಗೆ ಮೊದಲು ಒಳಗೆ ಗಂಟೆ ಬಾರಿಸುವುದು, ಖಂಡಪ್ಪ ಮುಂದಿನ ಸ್ಟೇಷನ್ನಿಗೆ ಕೇಳುವುದು, ಉತ್ತರವನ್ನು ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವುದು, ಎಲ್ಲ ಕಿಟಕಿಯಿಂದ ಕೇಳಿಸುತ್ತಿತ್ತು. ಗಾಡಿ ಹಾಯುವಾಗ ಖಂಡಪ್ಪ ಹಸಿರು ಬಾವುಟ ಹಿಡಿದು ಹೊರಗೆ ಬಂದು ನಿಲ್ಲುತ್ತಿದ್ದರು. ಬೆಂಚಿನತ್ತ ಕಣ್ಣು ಹೊರಳಿಸಲಿಲ್ಲ, ಕೊನೆಯ ಡಬ್ಬಿ ದಾಟುವವರೆಗೆ ಗಾಡಿಯನ್ನೇ ನೋಡಿದರು.

ಅಷ್ಟು ದೂರ ಹೋಗಿ ಹೊರಗೇ ಕೂತು ಬಂದಿರಲ್ಲ, ಬೇಜಾರಾಗಲಿಲ್ಲವೇ ಎಂದು ಕೇಳಿದೆ. ರಶೀದಾಬೇಗಂ ಕೈಯಲ್ಲಿದ್ದ ಸುರುಳಿಯ ಎಣಿಕೆ ಮುಗಿಸಿದರು. ತಂತಿ ಕತ್ತರಿಸಿ ತಲೆ ಎತ್ತಿದರು.

"ಒಳಗ ಕರದಿದ್ರ ಬೇಜಾರ ಆಗ್ತಿತ್ರಿ. ನನ್ನಂಥಾಕಿನ್ನೇ ಹೊರಗ ಕುಂದ್ರಸ್ಯಾನ ಅಂದ್ರ, ಅಂವಾ ಖರೇ ಮಾಸ್ತರ್ ಆಗ್ಯಾನ."